ಬೆಕ್ಕಿಗೆ ಚೆಲ್ಲಾಟ

“ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ” ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಗಾದೆ ಕಟ್ಟಿದ ಹಿರಿಯರು ಬೆಕ್ಕನ್ನು ನೋಡಿದರು, ಇಲಿಯನ್ನೂ ನೋಡಿದರು. ಆದರೆ ಆ ಬೆಕ್ಕಿಗೆ ಬೆಳಗ್ಗೆ ಹಾಲು ಹಾಕಿದವರು ಅಲ್ಲೇ ಎಲ್ಲೋ ನಿಂತು ನೋಡುತ್ತಿದ್ದಿರಬೇಕಲ್ಲವೆ? ಅವರ ಮಾತನ್ನು ಮಾತ್ರ ಗಾದೆ ಎತ್ತಲಿಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಆ ಮೂರನೆಯವರ ವಿಚಾರವನ್ನು. ಈ ವಿಷಯದಲ್ಲಿ ಮಾತನಾಡಲು ನಿನಗೇನು ಅಧಿಕಾರ ಎಂದು ಯಾರಾದರೂ ಕೇಳಬಹುದು. ನಾನು ಪ್ರಾಣಿಶಾಸ್ತ್ರ ಓದಿದವಳಲ್ಲ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ, ಇವಿಷ್ಟೇ ನನ್ನ ಬಂಡವಾಳ. ಆದರೆ ಆ ಮೂರನೆಯವರಲ್ಲಿ ನಾನೂ ಒಬ್ಬಳು. ಅಷ್ಟು ಅಧಿಕಾರ ಸಾಕೆಂದು ಭಾವಿಸಿದ್ದೇನೆ.

ನಮ್ಮೂರು ತಿಪಟೂರು ಸೀಮೆಯದು. ತೆಂಗೇ ನಮ್ಮ ಬದುಕು. ಮರದಿಂದ ಇಳಿಸಿದ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ ಬಿದ್ದಿದ್ದು, ಒಳಗಿನ ನೀರು ಇಂಗಿ, ಅಲುಗಿಸಿದರೆ ಗಡಗಡ ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಅಷ್ಟು ದಿನವೂ ಆ ಅಟ್ಟವನ್ನು ಕಾಯಬೇಕು. ಕಳ್ಳರಿಂದಲ್ಲ, ಇಲಿಯಿಂದ. ಇಲಿ ಕೊರೆದ ಕಾಯಿ ಕೊಬ್ಬರಿಯಾಗುವುದಿಲ್ಲ, ಕೊಳೆಯುತ್ತದೆ. ಕೆಳಗೆ ರಾಗಿಯ ಚೀಲಗಳಿವೆ, ಬಿತ್ತನೆಗೆ ಎತ್ತಿಟ್ಟ ಅವರೆ, ಹುರುಳಿ ಇವೆ. ಇವಕ್ಕೆಲ್ಲ ನಮ್ಮ ಮನೆಯಲ್ಲಿ ಒಬ್ಬಳೇ ಕಾವಲುಗಾರ್ತಿ, ಬೂದುಬಣ್ಣದ ಒಂದು ಬೆಕ್ಕು. ನಮ್ಮ ಕಡೆ ಬೆಕ್ಕಿಗೆ ಕೊತ್ತಿ ಎನ್ನುತ್ತಾರೆ. ಅದಕ್ಕೆ ಬೇರೆ ಹೆಸರಿಲ್ಲ. ನಾನು ಈ ಕಾಲೇಜಿಗೆ ಕಟ್ಟಿದ ಶುಲ್ಕ ಕೊಬ್ಬರಿ ಮಾರಿದ ಹಣ. ಹಾಗೆ ನೋಡಿದರೆ ನಮ್ಮ ವಂಶದಲ್ಲಿ ಮೊದಲ ಬಾರಿಗೆ ಒಬ್ಬಳು ಬಿ.ಎ. ತರಗತಿಯ ಬೆಂಚಿನ ಮೇಲೆ ಕುಳಿತದ್ದರಲ್ಲಿ ಕೊತ್ತಿಯ ಪಾಲೂ ಇದೆ. ಆದ್ದರಿಂದ ನಾನು ಬೆಕ್ಕಿನ ವೈರಿಯೆಂದು ಯಾರೂ ತಿಳಿಯಬಾರದು.

ಹೋದ ಬೇಸಿಗೆಯ ರಜೆಯಲ್ಲಿ ನಡೆದ ಸಂಗತಿ. ನಮ್ಮ ಹಿತ್ತಲಿನ ದಾಸವಾಳದ ಬೇಲಿಯಲ್ಲಿ ಒಂದು ಜೋಡಿ ಪಿಕಳಾರ ಹಕ್ಕಿಗಳು ಗೂಡು ಕಟ್ಟಿದ್ದವು. ಪಿಕಳಾರವೆಂದರೆ ತಲೆಯ ಮೇಲೆ ಕಪ್ಪು ಜುಟ್ಟು, ಬಾಲದ ಬುಡದಲ್ಲಿ ಕುಂಕುಮ ಹಚ್ಚಿದಂತೆ ಕೆಂಪು. ನಮ್ಮಲ್ಲಿ ಹೆಚ್ಚು ಜನ ನೋಡಿರುತ್ತಾರೆ, ಹೆಸರು ಕೇಳಿರುವುದಿಲ್ಲ. ಪಾಪ, ಈ ಹಕ್ಕಿಗೆ ಎತ್ತರದಲ್ಲಿ ಗೂಡು ಕಟ್ಟುವ ಬುದ್ಧಿಯಿಲ್ಲ. ಆಳೆತ್ತರದ ಗಿಡವೇ ಅದಕ್ಕೆ ಸಾಕು. ಒಂದು ಬೆಳಗ್ಗೆ ಅವ್ವ ಹಜಾರ ಗುಡಿಸುತ್ತಿದ್ದಾಗ ಕೊತ್ತಿ ಬಾಯಲ್ಲಿ ಹಕ್ಕಿಯನ್ನು ಕಚ್ಚಿಕೊಂಡು ಒಳಗೆ ಬಂತು. ಕೊಂದಿರಲಿಲ್ಲ. ನೆಲದ ಮೇಲೆ ಬಿಡುವುದು, ಅದು ರೆಕ್ಕೆ ಬಡಿದು ಎರಡು ಗೇಣು ಹೋದೊಡನೆ ಮತ್ತೆ ಹಿಡಿಯುವುದು; ಗಾದೆಯಲ್ಲಿ ಹೇಳಿದ ಚೆಲ್ಲಾಟವೇ. ಒಂಬತ್ತು ವರ್ಷದ ನನ್ನ ತಮ್ಮ ಓಡಿಹೋಗಿ ಅದನ್ನು ಕಿತ್ತುಕೊಂಡ. ಕಿತ್ತುಕೊಳ್ಳುವಾಗ ಬೆಕ್ಕು ಅವನ ಮುಂಗೈಯನ್ನು ಪರಚಿತು. ರಕ್ತ ಬರುತ್ತಿದ್ದರೂ ಅವನಿಗೆ ಅದರ ಪರಿವೆಯಿಲ್ಲ. ನೇರವಾಗಿ ನನ್ನ ಬಳಿಗೆ ಬಂದು, “ಅಕ್ಕಾ, ನೀನು ಕಾಲೇಜು ಓದಿದೀಯಲ್ಲ, ಇದನ್ನ ಉಳಿಸು” ಎಂದ.

ಓದಿದವರ ಮನೆಗಳಲ್ಲಿ ಹುಟ್ಟಿದ ಸಹಪಾಠಿಗಳಿಗೆ ಈ ಮಾತಿನ ಭಾರ ತಿಳಿಯಲಾರದು. ನಮ್ಮಂಥ ಮನೆಯಲ್ಲಿ ಒಬ್ಬರು ಓದಿದರೆ ಅವರಿಗೆ ಎಲ್ಲವೂ ತಿಳಿದಿರಬೇಕು. ಪಹಣಿಯಲ್ಲಿ ಏನು ಬರೆದಿದೆ, ಮಾತ್ರೆಯನ್ನು ಊಟಕ್ಕೆ ಮೊದಲು ನುಂಗಬೇಕೋ ಆಮೇಲೋ, ಬ್ಯಾಂಕಿನ ಚೀಟಿ ಯಾಕೆ ತಿರುಗಿ ಬಂತು, ಎಲ್ಲಕ್ಕೂ ಅವರನ್ನೇ ಕೇಳುತ್ತಾರೆ. ಗೊತ್ತಿಲ್ಲ ಎನ್ನಲು ನಾಲಗೆ ಏಳುವುದಿಲ್ಲ. ನನಗೂ ಏಳಲಿಲ್ಲ.

ನಾನು ಮಾಡಿದ ಚಿಕಿತ್ಸೆಯನ್ನು ಒಂದೂ ಬಿಡದೆ ಹೇಳುತ್ತೇನೆ. ಹಕ್ಕಿಯನ್ನು ಅಂಗೈಯಲ್ಲಿ ಹಿಡಿದು ಗಾಯ ಎಲ್ಲಿದೆ ಎಂದು ಪುಕ್ಕಗಳನ್ನು ಕೆದಕಿದೆ. ರೆಕ್ಕೆಯ ಕೆಳಗೆ ಸಾಸಿವೆ ಕಾಳಿನಷ್ಟು ಎರಡು ತೂತು. ಇಷ್ಟೇ ತಾನೆ ಎಂದು ಸಮಾಧಾನಪಟ್ಟೆ. ಅರಿಶಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿದೆ. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಬಾಯಾರಿದೆ ಎಂದುಕೊಂಡು ತಮ್ಮನಿಗೆ ಹಾಲು ಕುಡಿಸುತ್ತಿದ್ದ ಹಳೆಯ ಒಳಲೆಯನ್ನು ಹುಡುಕಿ ತಂದು ಕೊಕ್ಕಿಗೆ ನೀರು ಬಿಟ್ಟೆ. ಅಷ್ಟರಲ್ಲಿ ಬೀದಿಯ ಮಕ್ಕಳೆಲ್ಲ ಕೂಡಿದರು. ಒಬ್ಬೊಬ್ಬರೂ ಒಂದೊಂದು ಸಲ ಮುಟ್ಟಿ ನೋಡಿದರು. ಕೈಯಲ್ಲಿ ಮೊಬೈಲ್ ಇತ್ತು. ಅದರಲ್ಲಿ ಹಕ್ಕಿಯ ಚಿತ್ರ ತೆಗೆದೆವೇ ಹೊರತು ತಿಳಿದವರನ್ನು ಕೇಳೋಣವೆಂದು ಯಾರಿಗೂ ತೋಚಲಿಲ್ಲ. ಬೆಕ್ಕು ಮಾತ್ರ ಬಾಗಿಲ ಬಳಿ ಕುಳಿತು, ತನ್ನ ವಸ್ತುವನ್ನು ಯಾವಾಗ ಹಿಂದಿರುಗಿಸುತ್ತಾರೆ ಎಂಬಂತೆ ನೋಡುತ್ತಿತ್ತು.

ತೋಟದಿಂದ ಬಂದ ಅಪ್ಪ ಒಂದು ಗಳಿಗೆ ನೋಡಿದರು. “ಕೊತ್ತಿಗೇ ಹಾಕ್ಬಿಡವ್ವ. ಅರ್ಧ ಜೀವ ಹೋಗೈತೆ. ಅದರ ಹೊಟ್ಟೆಗಾದ್ರೂ ಆಗ್ಲಿ. ಯಾಕೆ ಸುಮ್ನೆ ಗೋಳು ಹುಯ್ಕಂತೀರ?” ಎಂದರು.

ನನಗೆ ಬಹಳ ಸಿಟ್ಟು ಬಂತು. ಓದಿಲ್ಲದವರ ಎದೆ ಕಲ್ಲು ಎಂದುಕೊಂಡೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಹಕ್ಕಿಯನ್ನು ಮಂಕರಿಯ ಕೆಳಗೆ ಬಟ್ಟೆ ಹಾಸಿ ಇಟ್ಟೆವು. ರಾತ್ರಿ ಎರಡು ಮೂರು ಸಲ ಎದ್ದು, ದೀಪ ಹಾಕಿ, ಮಂಕರಿ ಎತ್ತಿ ನೋಡಿದೆ. ಪ್ರತಿ ಸಲವೂ ಅದು ಬೆದರಿ ಮೂಲೆಗೆ ಸರಿಯುತ್ತಿತ್ತು. ಕೊನೆಯ ಸಲ ಸರಿಯಲಿಲ್ಲ. ತಮ್ಮ ಬೆಳಗ್ಗೆ ಎದ್ದು ಕೇಳಿದಾಗ, “ಬೆಕ್ಕು ಕಚ್ಚಿದ್ದು ಜೋರಾಗಿತ್ತು” ಎಂದೆ.

ಎರಡು ವಾರ ಕಳೆದ ಮೇಲೆ ಕರುವಿಗೆ ಔಷಧಿ ತರಲು ದನದ ಆಸ್ಪತ್ರೆಗೆ ಹೋಗಿದ್ದೆ. ಮನಸ್ಸು ತಡೆಯಲಾರದೆ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. “ನೀವು ಮಾಡಿದ್ದರಲ್ಲಿ ಬಟ್ಟೆ ಹಾಸಿದ್ದೊಂದು ಸರಿ ಕಣಮ್ಮ” ಎಂದರು. ಆಮೇಲೆ ಬಿಡಿಸಿ ಹೇಳಿದರು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ಇರುತ್ತದೆ. ನಾವು ಮೇಲಿನಿಂದ ಬಿಟ್ಟ ನೀರು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗಬಹುದು. ಅದು ಬಾಯಿ ತೆರೆದದ್ದು ಬಾಯಾರಿಕೆಯಿಂದಲ್ಲ, ಭಯದಿಂದ. ಎಣ್ಣೆ ತಾಗಿದ ಪುಕ್ಕ ಮೈಯ ಬಿಸಿಯನ್ನು ಹಿಡಿದಿಡಲಾರದು. ಕಾಡಿನ ಜೀವಕ್ಕೆ ಮನುಷ್ಯನ ಕೈಯೂ ಬೆಕ್ಕಿನ ಬಾಯೂ ಒಂದೇ; ನಾವು ನೇವರಿಸುತ್ತೇವೆ, ಅದು ಇನ್ನೇನು ತಿನ್ನುತ್ತಾರೆ ಎಂದುಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ನಾನು ಸಮಾಧಾನಪಟ್ಟುಕೊಂಡ ಆ ಎರಡು ತೂತುಗಳು. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲ ಎಂಬ ಸೂಕ್ಷ್ಮಜೀವಿ ಇರುತ್ತದೆ. ನಮ್ಮ ದನಗಳಿಗೆ ಗಳಲೆ ರೋಗ ತರುವುದೂ ಅದೇ ಕುಲದ್ದು. ಸೂಜಿಯಂಥ ಹಲ್ಲಿನ ಮೂಲಕ ಅದು ಒಳಗೆ ಸೇರಿದರೆ, ಬೇಗನೆ ಔಷಧಿ ಬೀಳದ ಹೊರತು ಸಣ್ಣ ಹಕ್ಕಿ ಒಂದೆರಡು ದಿನದಲ್ಲಿ ರಕ್ತ ನಂಜಾಗಿ ಸಾಯುತ್ತದೆ. ಮೇಲೆ ನೋಡಿದರೆ ಗಾಯವೇ ಕಾಣದಿದ್ದರೂ, ಬೆಕ್ಕಿನ ಬಾಯಿಗೆ ಸಿಕ್ಕಿದ ಹಕ್ಕಿಯನ್ನು ‘ಏನೂ ಆಗಿಲ್ಲ’ ಎಂದು ಹಾರಿಬಿಡುವುದೂ ತಪ್ಪೇ ಎಂದರು.

ಹಾಗಾದರೆ ಮಾಡಬೇಕಾದದ್ದೇನು? ಬಹಳ ಸಣ್ಣ ಕೆಲಸ. ರಟ್ಟಿನ ಡಬ್ಬಿಗೆ ನಾಲ್ಕು ತೂತು ಮಾಡಿ, ಒಳಗೆ ಹಳೆಯ ಬಟ್ಟೆ ಹಾಕಿ, ಹಕ್ಕಿಯನ್ನು ಒಂದು ಬಟ್ಟೆಯಿಂದ ಮೃದುವಾಗಿ ಹಿಡಿದು ಅದರಲ್ಲಿಟ್ಟು ಮುಚ್ಚುವುದು. ಕತ್ತಲು, ಬೆಚ್ಚಗೆ, ಸದ್ದಿಲ್ಲ. ನೀರಿಲ್ಲ, ಅನ್ನವಿಲ್ಲ, ಇಣುಕುವುದಿಲ್ಲ. ತಡಮಾಡದೆ ಪಶುವೈದ್ಯರ ಬಳಿಗೋ ಅರಣ್ಯ ಇಲಾಖೆಯವರ ಬಳಿಗೋ ಒಯ್ಯುವುದು. ಬೆಂಗಳೂರಿನ ಕೆಂಗೇರಿಯಲ್ಲಿ ಇಂಥ ಜೀವಿಗಳಿಗೆಂದೇ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ಆಸ್ಪತ್ರೆಯೊಂದಿದೆ. ನಮ್ಮಂಥ ಊರಿನವರಿಗೆ ದನದ ಆಸ್ಪತ್ರೆಯೇ ಗತಿ. ಗುಣವಾದರೆ ಪಂಜರದಲ್ಲಿಟ್ಟು ಸಾಕೋಣವೆಂದು ತಮ್ಮನಿಗೆ ಆಸೆಯಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ನಮ್ಮ ನಾಡಿನ ಕಾಡುಹಕ್ಕಿಗಳನ್ನು ಹಾಗೆ ಇಟ್ಟುಕೊಳ್ಳುವಂತಿಲ್ಲ. ಗಿಣಿ ಸಾಕಿರುವ ಮನೆಗಳು ನಮ್ಮ ತಾಲ್ಲೂಕಿನಲ್ಲಿ ಎಷ್ಟಿವೆ ಎಂಬುದನ್ನು ಇಲ್ಲಿ ಬರೆದರೆ ನನಗೆ ಊರಿಗೆ ಹೋಗಲು ಮುಖವಿರುವುದಿಲ್ಲ.

ಅಂದು ಡಾಕ್ಟರು ಹೌಹಾರಿದ್ದು ಹಕ್ಕಿಯ ಮಾತಿಗಲ್ಲ, ತಮ್ಮನ ಕೈ ಪರಚಿದ ಮಾತಿಗೆ. ಹುಚ್ಚುನಾಯಿ ರೋಗ ನಾಯಿಯಿಂದಷ್ಟೇ ಅಲ್ಲ, ಬೆಕ್ಕಿನಿಂದಲೂ ಬರುತ್ತದೆ. ಕಚ್ಚಿದ, ಪರಚಿದ ಜಾಗವನ್ನು ಒಡನೆಯೇ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕಿತ್ತು. ಅರಿಶಿನ ಹಚ್ಚಿ ಸುಮ್ಮನಾಗಿದ್ದೆವು. ಆಮೇಲೆ ಮೊದಲ ದಿನ, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ ಎಂದು ಅಪ್ಪ ಕೆಲಸ ಬಿಟ್ಟು ಅವನನ್ನು ಸೂಜಿಗೆ ಕರೆದುಕೊಂಡು ಹೋದರು. ಒಂದು ಮಾತೂ ಆಡಲಿಲ್ಲ.

ಅಪ್ಪನ ಅಂದಿನ ಮಾತನ್ನೇ ನಾನು ಈಗಲೂ ಮೆಲುಕು ಹಾಕುತ್ತಿದ್ದೇನೆ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ವಾಸಿಯಾಗದ ನೋವಿನಿಂದ ನರಳುತ್ತಿದ್ದ ಒಂದು ಕರುವಿಗೆ ಗಾಂಧೀಜಿ ವೈದ್ಯರಿಂದ ಸೂಜಿ ಹಾಕಿಸಿ ಸಾವು ಕೊಡಿಸಿದರು. ಅಹಿಂಸೆಯ ಗುರುವೇ ಹೀಗೆ ಮಾಡಬಹುದೆ ಎಂದು ದೇಶದಲ್ಲಿ ದೊಡ್ಡ ಗದ್ದಲವಾಯಿತು. ಅವರು ತಮ್ಮ ಪತ್ರಿಕೆಯಲ್ಲಿ ಅದಕ್ಕೆ ಉತ್ತರ ಬರೆಯಬೇಕಾಯಿತು. ಅಪ್ಪ ಗಾಂಧೀಜಿಯನ್ನು ಓದಿದವರಲ್ಲ. ಆದರೆ ‘ಇದು ಬದುಕುವುದಿಲ್ಲ, ನರಳುವುದನ್ನು ಉದ್ದ ಮಾಡಬೇಡ’ ಎಂದು ಅವರು ಹೇಳಿದ್ದರಲ್ಲಿ ಕಲ್ಲೆದೆ ಎಲ್ಲಿತ್ತು? ಹಾಗೆಂದು ಅವರು ಹೇಳಿದಂತೆ ಬೆಕ್ಕಿನ ಮುಂದೆ ಹಾಕುವುದು ಸರಿಯಾಗಿತ್ತೆಂದೂ ನನಗೆ ಅನ್ನಿಸುವುದಿಲ್ಲ. ಬದುಕುತ್ತದೋ ಇಲ್ಲವೋ ಎಂದು ಹೇಳಬಲ್ಲವರು ಎರಡು ಹರದಾರಿ ದೂರದಲ್ಲಿದ್ದರು, ನಾವು ಒಯ್ಯಲಿಲ್ಲ. ಹಕ್ಕಿಯ ಆ ರಾತ್ರಿ ಹೋದದ್ದು ನನ್ನ ಕರುಣೆಯನ್ನು ನಾನೇ ನೋಡಿಕೊಳ್ಳುವುದರಲ್ಲಿ.

ಈ ಸಂಗತಿಯನ್ನು ಹಾಸ್ಟೆಲಿನಲ್ಲಿ ಹೇಳಿದಾಗ ಗೆಳತಿಯರಲ್ಲಿ ಎರಡು ಪಕ್ಷಗಳಾದವು. ಊಟದ ಗಂಟೆ ಹೊಡೆದರೂ ಚರ್ಚೆ ನಿಲ್ಲಲಿಲ್ಲ. ಒಂದು ಪಕ್ಷದವರು, “ಒಂದು ಜೀವ ಇನ್ನೊಂದನ್ನು ತಿಂದು ಬದುಕುತ್ತದೆ. ಹುಲಿ ಜಿಂಕೆಯನ್ನು ಹಿಡಿದರೆ ಪ್ರಕೃತಿ, ಬೆಕ್ಕು ಹಕ್ಕಿಯನ್ನು ಹಿಡಿದರೆ ಪಾಪವೆ?” ಎಂದು ಕೇಳಿದರು. ಕೇಳಲು ಬಲವಾದ ಮಾತು. ಆದರೆ ಹುಲಿಗೂ ನಮ್ಮ ಕೊತ್ತಿಗೂ ಒಂದು ವ್ಯತ್ಯಾಸವಿದೆ. ಕಾಡಿನಲ್ಲಿ ಜಿಂಕೆ ಕಡಮೆಯಾದರೆ ಹುಲಿ ಹಸಿಯುತ್ತದೆ, ಮರಿಗಳು ಉಳಿಯುವುದಿಲ್ಲ, ಹುಲಿಯೂ ಕಡಮೆಯಾಗುತ್ತದೆ. ನಮ್ಮ ಹಿತ್ತಲಲ್ಲಿ ಹಕ್ಕಿಗಳೆಲ್ಲ ತೀರಿಹೋದರೂ ಕೊತ್ತಿಗೆ ಸಂಜೆಯ ಹಾಲು ಅನ್ನ ತಪ್ಪುವುದಿಲ್ಲ. ಬೇಟೆ ಅದಕ್ಕೆ ಅನ್ನವಲ್ಲ, ಹುಟ್ಟುಗುಣ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಒಂದು ಬೆಕ್ಕಿನ ಅಸ್ಥಿಯೂ ದೊರೆತಿದೆ. ಅದನ್ನು ಹಡಗಿನಲ್ಲಿ ಅಲ್ಲಿಗೆ ಒಯ್ದವನು ಮನುಷ್ಯ. ಅಂದಿನಿಂದ ನಾವು ಹೋದಲ್ಲೆಲ್ಲ ಅದು ಬಂದಿದೆ, ನಮ್ಮ ಕಣಜ ಕಾದಿದೆ, ನಮ್ಮ ಒಲೆಯ ಬೂದಿಯಲ್ಲಿ ಮಲಗಿದೆ. ಹೀಗಿರಲು ಅದು ಇಲಿ ಹಿಡಿದಾಗ ‘ನಮ್ಮ ಬೆಕ್ಕು’, ಹಕ್ಕಿ ಹಿಡಿದಾಗ ‘ಪ್ರಕೃತಿ’ ಎನ್ನುವುದು ಲೆಕ್ಕವಲ್ಲ.

ಇನ್ನೊಂದು ಪಕ್ಷದ ಮುಖಂಡಳು ಪಟ್ಟಣದಲ್ಲಿ ಬೆಳೆದ ನನ್ನ ಕೊಠಡಿಯ ಗೆಳತಿ. ಅವಳು ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಲೆಕ್ಕವನ್ನು ಮುಂದಿಟ್ಟಳು. ಆ ದೇಶದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆಂದು ಅಂದಾಜು. ಅವುಗಳಲ್ಲಿ ಹೆಚ್ಚಿನ ಪಾಲು ಯಜಮಾನರಿಲ್ಲದ ಬೆಕ್ಕುಗಳದು. ಬೆಕ್ಕನ್ನು ಮನೆಯಿಂದ ಆಚೆಗೆ ಬಿಡಲೇಬಾರದು ಎಂಬುದು ಅವಳ ವಾದ. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದ ಕಥೆಯನ್ನೂ ಅವಳೇ ಹೇಳಿದಳು. 1894ರಲ್ಲಿ ಅಲ್ಲಿ ಹೊಸದಾಗಿ ಎದ್ದಿದ್ದ ದೀಪಸ್ತಂಭದ ಆಳುಗಳ ಬೆಕ್ಕು, ಹಾರಲು ಬಾರದ ಒಂದು ಪುಟ್ಟ ಹಕ್ಕಿಯನ್ನು ಹಿಡಿದು ಹಿಡಿದು ತಂದಿತು. ವಿದ್ವಾಂಸರು ಅದಕ್ಕೆ ಹೆಸರಿಟ್ಟು ಮುಗಿಸುವಷ್ಟರಲ್ಲಿ ಹಕ್ಕಿಯ ಸಂತತಿಯೇ ಹೆಚ್ಚುಕಡಮೆ ಮುಗಿದಿತ್ತು. ಒಂದೇ ಬೆಕ್ಕು ಒಂದು ಕುಲವನ್ನೇ ನುಂಗಿತೆಂದು ಜನ ಹೇಳುತ್ತಾರೆ. ನಿಜವಾಗಿ ಬೆಕ್ಕುಗಳು ಆ ದ್ವೀಪದಲ್ಲಿ ಮರಿ ಹಾಕಿ ಹೆಚ್ಚಿದ್ದವು.

ನಾನು ಆ ರಾತ್ರಿ ಇದಕ್ಕೆ ಉತ್ತರ ಹೇಳಲಿಲ್ಲ. ಆಮೇಲೆ ಓದಿ ತಿಳಿದದ್ದನ್ನು ಈಗ ಹೇಳುತ್ತೇನೆ. ದಕ್ಷಿಣ ಆಫ್ರಿಕಕ್ಕೆ ಸೇರಿದ ಮರಿಯನ್ ಎಂಬ ದ್ವೀಪವಿದೆ. 1949ರಲ್ಲಿ ಅಲ್ಲಿನ ಹವಾಮಾನ ಕೇಂದ್ರದವರು ಸುಂಡಿಲಿಯ ಕಾಟಕ್ಕೆಂದು ಐದು ಬೆಕ್ಕುಗಳನ್ನು ತಂದರು. 1977ರ ಹೊತ್ತಿಗೆ ಅವು ಸುಮಾರು 3,400 ಆಗಿ, ವರ್ಷಕ್ಕೆ ನಾಲ್ಕೂವರೆ ಲಕ್ಷ ಕಡಲಹಕ್ಕಿಗಳನ್ನು ಕೊಲ್ಲುತ್ತಿದ್ದವು. ರೋಗ ಹಬ್ಬಿಸಿ, ಗುಂಡು ಹಾರಿಸಿ, ಬೋನಿಟ್ಟು, ವಿಷವಿಟ್ಟು 1991ರ ವೇಳೆಗೆ ಅವುಗಳನ್ನು ನಿರ್ಮೂಲ ಮಾಡಿದರು. ಈಗ ಅಲ್ಲಿ ಸುಂಡಿಲಿಗಳೇ ಗೂಡಿನಲ್ಲಿ ಕುಳಿತ ಕಡಲಹಕ್ಕಿಯ ಮರಿಗಳನ್ನು ಜೀವಸಹಿತ ಕಡಿದು ತಿನ್ನುತ್ತಿವೆ. ಬೆಕ್ಕನ್ನು ತಂದದ್ದೂ ಅವಸರ, ಬೆಕ್ಕು ಹೋದೊಡನೆ ಎಲ್ಲವೂ ಸರಿಹೋಗುತ್ತದೆಂದು ತಿಳಿದದ್ದೂ ಅವಸರ. ಅಲ್ಲದೆ ನಮ್ಮೂರು ದ್ವೀಪವಲ್ಲ. ಇಲ್ಲಿನ ಹಕ್ಕಿಗಳು ಕಾಡುಬೆಕ್ಕು, ಮುಂಗುಸಿ, ಕೇರೆಹಾವುಗಳ ನಡುವೆಯೇ ಬಾಳಿ ಬಂದವು. ಅಮೆರಿಕದ ಲೆಕ್ಕವನ್ನು ತಂದು ತಿಪಟೂರಿನ ತೋಟದ ಮೇಲೆ ಹೊದಿಸಲಾಗದು. ಇನ್ನು ಮನೆಯೊಳಗೆ ಕೂಡಿಹಾಕುವ ಮಾತು. ಹೆಂಚಿನ ಮನೆ, ಸೂರಿಗೂ ಗೋಡೆಗೂ ನಡುವೆ ಕೈ ತೂರುವಷ್ಟು ಸಂದು, ದಿನವಿಡೀ ತೆರೆದ ಬಾಗಿಲು. ಬೆಕ್ಕನ್ನಲ್ಲ, ಹೊಗೆಯನ್ನೂ ಅದರೊಳಗೆ ಕೂಡಿಹಾಕಲು ಬರುವುದಿಲ್ಲ. ಬೆಕ್ಕೇ ಬೇಡವೆಂದರೆ ಇಲಿಪಾಷಾಣ ಇಡಬೇಕು. ಪಾಷಾಣ ತಿಂದ ಇಲಿಯನ್ನು ತಿಂದು ಗೂಬೆಯೂ ಸಾಯಬಹುದು. ಕೊತ್ತಿ ಹತ್ತು ಹಕ್ಕಿ ಹಿಡಿಯಬಹುದು, ಊರ ಬಾವಿಯ ಕಟ್ಟೆಯ ಮೇಲೆ ವಿಷ ಚೆಲ್ಲುವುದಿಲ್ಲ.

ಇಷ್ಟು ಹೇಳಿದರೆ ನಾನು ಗೆದ್ದಂತಾಗುತ್ತದೆ. ಆದರೆ ಗೆಳತಿಯ ಮಾತಿನಲ್ಲಿ ಒಂದು ತುಣುಕು ಗಂಟಲಲ್ಲಿ ಸಿಕ್ಕಿಕೊಂಡಿತು: ಹೆಚ್ಚಿನ ಪಾಲು ಯಜಮಾನರಿಲ್ಲದ ಬೆಕ್ಕುಗಳದು. ಆ ಬೆಕ್ಕುಗಳು ಎಲ್ಲಿಂದ ಬಂದವು?

ನನಗೆ ಎಂಟು ವರ್ಷವಿದ್ದಾಗ ಅಂದಿನ ಕೊತ್ತಿ ನಾಲ್ಕು ಮರಿ ಹಾಕಿತು. ಒಂದನ್ನು ಇಟ್ಟುಕೊಂಡೆವು. ಉಳಿದ ಮೂರನ್ನು ಕಣ್ಣು ಬಿಟ್ಟು ಓಡಾಡುವಷ್ಟಾದ ಮೇಲೆ ಅಜ್ಜಿ ಒಂದು ಗೋಣಿಚೀಲದಲ್ಲಿ ಹಾಕಿ ಬಾಯಿ ಕಟ್ಟಿದರು. ಅಜ್ಜಿಯೂ ನಾನೂ ಸಂಜೆ ಮೂರು ಮೈಲಿ ನಡೆದು ಸಂತೆಮಾಳದ ಆಚೆ ಚೀಲ ಬಿಚ್ಚಿ ಬಂದೆವು. ಚೀಲವನ್ನು ಅರ್ಧ ದಾರಿ ಹೊತ್ತವಳು ನಾನು. ಬಟ್ಟೆಯ ಮೂಲಕ ಅವುಗಳ ಬಿಸಿ ಬೆನ್ನಿಗೆ ತಾಗುತ್ತಿತ್ತು. ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ಪಾಪ ಹೋಗುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ನಾವು ಕೊಲ್ಲಲಿಲ್ಲವಲ್ಲ, ಬಿಟ್ಟು ಬಂದೆವು, ಆದ್ದರಿಂದ ಚಿನ್ನದ ಖರ್ಚಿಲ್ಲ. ಆ ಮೂರರಲ್ಲಿ ಎಷ್ಟು ನಾಯಿಯ ಬಾಯಿಗೆ ಹೋದವೋ, ಎಷ್ಟು ಹಸಿದು ಸತ್ತವೋ. ಬದುಕಿದ್ದರೆ ಹಕ್ಕಿಗೂಡು, ಓತಿಕ್ಯಾತ, ಅಳಿಲು ಹುಡುಕಿಯೇ ಬದುಕಿರಬೇಕು. ಹಾಲು ಹಾಕಲು ಅಲ್ಲಿ ಯಾರಿದ್ದರು? 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಪ್ರಾಣಿಯನ್ನು ಹೀಗೆ ಹಸಿವಿಗೆ ಬಿಟ್ಟು ಬರುವುದನ್ನು ಅಪರಾಧವೆನ್ನುತ್ತದೆ. ನಮ್ಮೂರಿನಲ್ಲಿ ಇದು ದಯೆ.

ಐಚ್ಛಿಕ ಕನ್ನಡದ ತರಗತಿಯಲ್ಲಿ ಜನ್ನನ ಯಶೋಧರ ಚರಿತೆಯನ್ನು ನಮಗೆ ಪಾಠ ಹೇಳಿದ್ದರು. ಯಶೋಧರ ಕಡಿದದ್ದು ಹಿಟ್ಟಿನ ಕೋಳಿಯನ್ನು. ರಕ್ತ ಬೀಳಲಿಲ್ಲ, ಪ್ರಾಣ ಹೋಗಲಿಲ್ಲ. ಆದರೂ ಕೊಲ್ಲುವ ಸಂಕಲ್ಪ ಮಾಡಿದ ತಪ್ಪಿಗೆ ತಾಯಿಯೊಡನೆ ಜನ್ಮಜನ್ಮಗಳಲ್ಲಿ ನವಿಲು, ನಾಯಿ, ಮೀನು, ಮೊಸಳೆಯಾಗಿ ತೊಳಲಿದ. ಪರೀಕ್ಷೆಗೆ ‘ಸಂಕಲ್ಪ ಹಿಂಸೆ’ ಎಂದು ಟಿಪ್ಪಣಿ ಬರೆದು ಅಂಕ ಪಡೆದೆ. ಆಗ ಹೊಳೆಯದ ಪ್ರಶ್ನೆ ಈಗ ಹೊಳೆಯುತ್ತದೆ. ಕೈಯಲ್ಲಿ ಹಿಟ್ಟಿದ್ದು ಮನಸ್ಸಿನಲ್ಲಿ ಕತ್ತಿಯಿದ್ದವನಿಗೆ ಅಷ್ಟು ಶಿಕ್ಷೆಯಾದರೆ, ಮನಸ್ಸಿನಲ್ಲಿ ಏನೂ ಇಲ್ಲದೆ ಬರಿಯ ಉದಾಸೀನದಿಂದ ಚೀಲ ಬಿಚ್ಚಿ ಬಂದವರ ಲೆಕ್ಕ ಯಾವ ಪುಸ್ತಕದಲ್ಲಿದೆ? ಬೆಕ್ಕಿಗೆ ಸಂಕಲ್ಪವಿಲ್ಲ, ಅದಕ್ಕೆ ಪಾಪವೂ ಇಲ್ಲ. ಅದನ್ನು ಹೊಡೆದು ಬುದ್ಧಿ ಕಲಿಸಹೊರಡುವುದು ಮೂರ್ಖತನ. ತಿಳಿದೂ ಸುಮ್ಮನಿರುವವರು ನಾವು. ನನ್ನ ಮಟ್ಟಿಗೆ ಕೊತ್ತಿ ಹಕ್ಕಿ ಹಿಡಿದದ್ದಕ್ಕಿಂತ, ನನ್ನ ಒಳಲೆಯ ನೀರಿಗಿಂತ, ದೊಡ್ಡ ತಪ್ಪು ಆ ಗೋಣಿಚೀಲ.

ಆದ್ದರಿಂದ ನಮ್ಮ ಮನೆಯಲ್ಲಿ ಈಗ ಕೆಲವು ಏರ್ಪಾಡುಗಳಾಗಿವೆ. ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾನಿಲಯದವರು 2021ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದರಲ್ಲಿ, ಮಾಂಸದ ಅಂಶ ಹೆಚ್ಚಾಗಿರುವ ಆಹಾರ ಕೊಟ್ಟ ಬೆಕ್ಕುಗಳು ಮನೆಗೆ ಬೇಟೆ ತರುವುದು ನೂರಕ್ಕೆ 36ರಷ್ಟು, ದಿನಕ್ಕೆ ಐದು ಹತ್ತು ನಿಮಿಷ ಆಟವಾಡಿಸಿದರೆ ನೂರಕ್ಕೆ 25ರಷ್ಟು ತಗ್ಗಿತೆಂದು ಹೇಳಿದ್ದಾರೆ. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟಿದ್ದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲವಂತೆ. ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಇಷ್ಟು ಕಾಲ ಚರ್ಚೆ ಮಾಡಿದ್ದೆಲ್ಲ ವ್ಯರ್ಥವಾಯಿತೆಂದು ನನಗೆ ನಗು ಬಂತು. ಮಾಂಸದ ಊಟ ನಮ್ಮ ಮನೆಯಲ್ಲಿ ಮನುಷ್ಯರಿಗೇ ಹಬ್ಬಕ್ಕೊಮ್ಮೆ. ಆಟದ ಭಾರ ತಮ್ಮನದು: ದಾರಕ್ಕೆ ತೆಂಗಿನ ನಾರಿನ ಉಂಡೆ ಕಟ್ಟಿ ಸಂಜೆ ಎಳೆದಾಡುತ್ತಾನೆ. ದೀಪ ಹಚ್ಚುವ ಹೊತ್ತಿಗೆ ಕೊತ್ತಿಗೆ ಉಣ್ಣಲು ಹಾಕಿ ಅಟ್ಟಕ್ಕೆ ಹತ್ತಿಸಿ ಏಣಿ ತೆಗೆಯುತ್ತೇವೆ. ಹೊತ್ತು ಒಂದು ಮಾರು ಏರಿದ ಮೇಲೆ ಇಳಿಸುತ್ತೇವೆ. ಹಕ್ಕಿಗಳು ನೆಲಕ್ಕಿಳಿದು ಮೇಯುವ ಮುಂಜಾನೆ ಅವುಗಳ ಪಾಲಿಗೆ ಉಳಿಯುತ್ತದೆ, ಇಲಿಗಳು ಓಡಾಡುವ ರಾತ್ರಿ ಕೊತ್ತಿಯ ಪಾಲಿಗೆ. ಹೆಂಚಿನ ಸಂದಿಯಿಂದ ಅದು ತಪ್ಪಿಸಿಕೊಳ್ಳುವ ದಿನಗಳೂ ಉಂಟು.

ಮೊನ್ನೆ ತಮ್ಮ ಫೋನು ಮಾಡಿದ್ದ. ಬೇಲಿಯ ಬುಡದಲ್ಲಿ ಗಿಡ್ಡ ಬಾಲದ, ಪುಕ್ಕ ಬಂದ ಒಂದು ಮರಿ ಕುಪ್ಪಳಿಸುತ್ತಿದೆ, ಡಬ್ಬಿಗೆ ಹಾಕಲೆ ಎಂದು ಕೇಳಿದ. ಬೇಡ, ಅದು ಹಾರಲು ಕಲಿಯುತ್ತಿದೆ, ತಾಯಿ ಅಲ್ಲೇ ಎಲ್ಲೋ ಇರುತ್ತದೆ, ಎತ್ತಿ ಕೊಂಬೆಯ ಮೇಲೆ ಕೂರಿಸಿ ದೂರ ಸರಿ ಎಂದೆ. “ಮುಟ್ಟಿದರೆ ತಾಯಿ ಹತ್ರ ಸೇರಿಸಲ್ಲ ಅಂತಾರಲ್ಲಕ್ಕ?” ಎಂದ. ಅದು ಸುಳ್ಳು, ಸೇರಿಸುತ್ತದೆ, ಆದರೆ ಆ ಸುಳ್ಳನ್ನು ಬೀದಿಯ ಮಕ್ಕಳಿಗೆ ಬಿಡಿಸಿ ಹೇಳುವ ಅವಸರವೇನಿಲ್ಲ ಎಂದೆ. ಕೊತ್ತಿಯನ್ನು ಅಂದು ಮಧ್ಯಾಹ್ನದವರೆಗೂ ಅಟ್ಟದಲ್ಲೇ ಇಟ್ಟನಂತೆ.

ಅಟ್ಟದಲ್ಲಿ ಕೊತ್ತಿ ಈಗ ಮೂರು ಮರಿಗಳ ತಾಯಿ. ಮರಿಗಳು ಹಾಲು ಬಿಟ್ಟ ಮೇಲೆ ಅದಕ್ಕೆ ಸಂತಾನಹರಣ ಮಾಡಿಸಬಹುದೆಂದು ಡಾಕ್ಟರು ಹೇಳಿದ್ದಾರೆ. ಅಪ್ಪ ಮೊದಲು, “ಕೊತ್ತಿಗೂ ಆಪರೇಷನ್ನಾ!” ಎಂದು ನಕ್ಕರು. ಆಮೇಲೆ ಎಷ್ಟಾಗುತ್ತದೆ ಎಂದು ಕೇಳಿದರು. ಒಂದು ಮರಿಗೆ ಪಕ್ಕದ ಹಳ್ಳಿಯಲ್ಲಿ ಮನೆ ಗೊತ್ತಾಗಿದೆ. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಉಳಿದೆರಡು ಇಲಿ ಹಿಡಿಯುವಷ್ಟು ಬೆಳೆದಿರುತ್ತವೆ. ಮನೆಯ ಅಟ್ಟದಲ್ಲಿ ಕೊಬ್ಬರಿಯೋ ಮೂಲೆಯಲ್ಲಿ ರಾಗಿಯ ಚೀಲವೋ ಇರುವ ಸಹಪಾಠಿಗಳು ನನ್ನನ್ನು ಅಂತಿಮ ಬಿ.ಎ. ತರಗತಿಯಲ್ಲಿ ಬಂದು ಕಾಣಬಹುದು. ಎರಡೇ ಕರಾರು: ರಾತ್ರಿ ಅಟ್ಟಕ್ಕೆ ಹತ್ತಿಸಿ ಏಣಿ ತೆಗೆಯಬೇಕು, ಅದು ಮರಿ ಹಾಕುವ ಕಾಲಕ್ಕೆ ಮೊದಲು ದನದ ಆಸ್ಪತ್ರೆಗೆ ಒಯ್ಯಬೇಕು. ಗೋಣಿಚೀಲವನ್ನು ನಾನು ಕೊಡುವುದಿಲ್ಲ.